ಏಳು ಮನೆಗೊಂದು ಫೋನು

ಅಂಗಡಿಗೆ ಕಂಪ್ಯೂಟರ್ ಬರುವ ಮುಂಚಿನ ದಿನ ನಮ್ಮನೆಯವರು ಕುಮಟೆ ಹತ್ತಿರದ ಹೊಳನಗದ್ದೆಗೆ ಹೋಗಿದ್ದರು. ಅಲ್ಲೊಂದು ಬಾವಿಯ ಪಂಪು ಸದ್ದು ಮಾಡುತ್ತಿತ್ತು, ನೀರು ಮಾತ್ರ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಹೊನ್ನಾವರದ ನಮ್ಮ ಬಾಡಿಗೆ ಮನೆಯಿಂದ ಹೊರಡುವಾಗ ಅವರ ಹತ್ಯಾರದ ಚೀಲದ ಹೊರಜೇಬಿಗೆ ಬಾಳೆಹಣ್ಣು, ಬಿಸ್ಕೆಟಿನ ಪೊಟ್ಟಣ, ಕಾಗದದಲ್ಲಿ ಕಟ್ಟಿದ ಸಕ್ಕರೆ ಹಾಕಿದೆ.

"ನಾನು ಪಂಪು ರಿಪೇರಿಗೆ ಹೋಗುದಾ, ಸಂತೆಲಿ ಅಂಗಡಿ ಇಡೂಕೆ ಹೋಗುದಾ?" ಎಂದರು.

"ಎಲ್ಲಿಗಾದ್ರೂ ಹೋಗಿ. ಹೊತ್ತಿಗೆ ಸರಿಯಾಗಿ ತಿನ್ನಿ."

"ಆತು, ಆತು" ಎಂದು ಬೈಕು ಹತ್ತಿದರು.

ನಾನು ಮನೆ ಗುಡಿಸಿ, ಬೀಗ ಹಾಕಿ, ಅಂಗಡಿಗೆ ನಡೆದೆ. ಕೌಂಟರಿನ ಮೇಲೆ ಫೋನು ಇತ್ತು. ಮಿಕ್ಸರ್ ಕೊಳ್ಳಲು ಬಂದವರಿಗೆ ಮಿಕ್ಸರ್ ತೋರಿಸುತ್ತ, ಕುಕ್ಕರಿನ ರಬ್ಬರ್ ಕೇಳಿದವರಿಗೆ ರಬ್ಬರ್ ಕೊಡುತ್ತ ಇದ್ದರೂ ನನ್ನ ಒಂದು ಕಿವಿ ಆ ಫೋನಿನ ಮೇಲೇ ಇರುತ್ತಿತ್ತು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಅದು ಹೊಡೆದುಕೊಂಡಿತು.

"ನಿನ್ನ ಗಂಡ ಬೈಂದ. ಹೆದರಡ" ಎಂದಿತು ಹೊಳನಗದ್ದೆಯಿಂದ ಒಬ್ಬ ಅಮ್ಮನ ಧ್ವನಿ. "ಅವಲಕ್ಕಿ ಕೊಟ್ಟಿದ್ದೆ. ಜಗುಲಿ ಮೇಲೆ ಕೂತ್ಕಂಡು ತಿಂತಾ ಇದ್ದ. ಸಕ್ಕರೆ ಸಾಕನಾ ಕೇಳಿದ್ರೆ ನಗ್ತ."

ಬಂದಿದ್ದಾನೆ, ಹೆದರಬೇಡ. ಅಷ್ಟೇ ಸುದ್ದಿ. ನಾನು ಫೋನಿಟ್ಟು, ಊಟದ ಡಬ್ಬಿ ಬಿಚ್ಚಿ ಉಂಡೆ. ಸಂಜೆ ಅವರು ಬಂದರು. ಅಂಗಿಗೆ ಗ್ರೀಸು ಹತ್ತಿತ್ತು. ಸಾಧಾರಣ ದಿನ ಎಂದರೆ ನನಗೆ ಈಗಲೂ ನೆನಪಾಗುವುದು ಅದೊಂದೇ.

ಅವರಿಗೆ ಮದುವೆಗೆ ಮುಂಚಿನಿಂದಲೂ ಸಕ್ಕರೆ ಕಾಯಿಲೆ. ಬೆಳಿಗ್ಗೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಳ್ಳಬೇಕಿತ್ತು. ಸಕ್ಕರೆ ಏರಿದರೆ ನಿಧಾನಕ್ಕೆ ಕೆಡುಕು, ಇಳಿದರೆ ಕೂಡಲೇ ಕೆಡುಕು ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಇಳಿಯುವಾಗ ಮೊದಲು ಬೆವರು ಬರುತ್ತದೆ, ಆಮೇಲೆ ಮಾತು ತೊದಲುತ್ತದೆ, ಆಮೇಲೆ ಕೂತಲ್ಲೇ ಕುಸಿಯುತ್ತಾರೆ. ಆ ಹೊತ್ತಿಗೆ ಬಾಯಿಗೆ ಸಕ್ಕರೆ ಹಾಕುವವರು ಯಾರಾದರೂ ಹತ್ತಿರ ಇರಬೇಕು. ಮದುವೆಯಾದ ವರ್ಷ ಒಮ್ಮೆ ಅಪ್ಸರಕೊಂಡದ ಹತ್ತಿರ ಒಂದು ತೋಟದಲ್ಲಿ ಹೀಗಾಗಿ, ಕುಡಿದಿದ್ದಾನೆ ಎಂದುಕೊಂಡು ಜನ ದೂರ ನಿಂತು ನೋಡಿದ್ದರಂತೆ. ಕೊನೆಗೆ ಒಬ್ಬ ಹೆಂಗಸು ಎಳನೀರು ಕುಡಿಸಿದಳು. ಅವತ್ತಿನಿಂದ ನನಗೆ ಒಂದೇ ಚಿಂತೆ: ಈಗ ಅವರು ಎಲ್ಲಿದ್ದಾರೆ, ತಿಂದರಾ?

ನಮ್ಮ ಸಾವಕಾರರಿಗೆ ಮೂರು ಅಂಗಡಿ. ಕುಮಟೆಯದು ದೊಡ್ಡದು, ಹೊನ್ನಾವರ ಮತ್ತು ಭಟ್ಕಳದವು ಅದರ ಕವಲು. ಪಂಪು, ಮಿಕ್ಸರ್, ಗ್ರೈಂಡರ್, ಫ್ಯಾನು. ಪಂಪಿನ ಮೆಕ್ಯಾನಿಕ್ ಮಾತ್ರ ಮೂರಕ್ಕೂ ಒಬ್ಬರೇ, ನಮ್ಮನೆಯವರು. ಹಾಗಾಗಿ ಶಿರಾಲಿಯ ಪಂಪು ಕೆಟ್ಟರೂ ಕುಮಟೆಯ ಪಂಪು ಕೆಟ್ಟರೂ ಫೋನು ಬರುವುದು ಹೊನ್ನಾವರಕ್ಕೆ, ನನ್ನ ಕೌಂಟರಿಗೆ. ನಾನು ಎಸ್ಸೆಸ್ಸೆಲ್ಸಿ ಪಾಸು, ಅಕ್ಷರ ದುಂಡಗಿದೆ ಎಂದು ಸಾವಕಾರರು ಕೆಲಸ ಕೊಟ್ಟಿದ್ದರು.

ಆಗಿನ್ನೂ ಹಳ್ಳಿಯ ಮನೆಮನೆಗೆ ಫೋನು ಬಂದಿರಲಿಲ್ಲ. ಒಂದು ಕೇರಿಗೆ ಒಂದು ಮನೆಯಲ್ಲಿ ಇರುತ್ತಿತ್ತು. ಉಳಿದವರೆಲ್ಲ ಆ ನಂಬರನ್ನೇ ತಮ್ಮ ನಂಬರು ಎಂದು ಬರೆಸುತ್ತಿದ್ದರು. ಲಗ್ನಪತ್ರಿಕೆಯಲ್ಲೂ ಹಾಗೇ, ಬ್ಯಾಂಕಿನಲ್ಲೂ ಹಾಗೇ. ನಂಬರಿನ ಪಕ್ಕ ಪಿ.ಪಿ. ಎಂದು ಸೇರಿಸುತ್ತಿದ್ದರು. ಅಂದರೆ ಈ ಫೋನು ನಮ್ಮದಲ್ಲ, ಕೇಳಿದರೆ ಕರೆದು ಕೊಡುತ್ತಾರೆ ಎಂದು ಅರ್ಥ. ಹೊಳನಗದ್ದೆಯ ಆ ಕೇರಿಗೆ ಫೋನಿದ್ದ ಮನೆ ಒಬ್ಬ ನಿವೃತ್ತ ಮಾಸ್ತರರದು. ಮಾಸ್ತರರು ತೀರಿಕೊಂಡಿದ್ದರು. ಅವರ ಹೆಂಡತಿಯನ್ನು ಕೇರಿಯವರೆಲ್ಲ ಫೋನಿನಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡಿಕೊಂಡ ಏರ್ಪಾಡು ಇಷ್ಟೇ. ಪಂಪು ಕೆಟ್ಟಿದೆ ಎಂದು ಯಾವ ಊರಿನಿಂದ ಫೋನು ಬಂದರೂ, ಫೋನಿದ್ದ ಮನೆಯವರ ಹತ್ತಿರ ಹೇಳುತ್ತಿದ್ದೆ: ಇವರು ಬಂದ ಕೂಡಲೇ ಒಂದು ಸುದ್ದಿ ಹೇಳಿ, ಬಾಯಿಗೆ ಏನಾದರೂ ಕೊಡಿ, ಸಕ್ಕರೆ ಇಳಿಯುವ ಕಾಯಿಲೆ ಇದೆ. ಆಗುವುದಿಲ್ಲ ಎಂದವರು ಒಬ್ಬರೂ ಇಲ್ಲ. ಅವರಿಗೂ ನಮ್ಮಿಂದ ಕೆಲಸ ಆಗಬೇಕಿತ್ತು ಅನ್ನಿ. ಆದರೆ ಬರಬರುತ್ತ ಅದು ಕೆಲಸದ ಮಾತಾಗಿ ಉಳಿಯಲಿಲ್ಲ. ಶಿರಾಲಿಯ ಒಂದು ಕಿರಾಣಿ ಅಂಗಡಿಯವರು, "ತಂಗೀ, ನಿಮ್ಮ ಸವಾರಿ ಬಂತು, ಪಾನಕ ಆಗ್ತಾ ಇದೆ" ಎಂದು ಫೋನು ಮಾಡುತ್ತಿದ್ದರು. ಕಾಸರಕೋಡಿನ ಒಬ್ಬರು ಕೊಂಕಣಿಯಲ್ಲಿ "ಆಯ್ಲೊ, ಜೆವ್ಲೊ" ಎಂದು ಇಟ್ಟುಬಿಡುತ್ತಿದ್ದರು. ಬಂದ, ಉಂಡ. ದಿನವಿಡೀ ಹೀಗೆ ಒಂದೊಂದು ಊರಿನಿಂದ ಅವರ ಸುದ್ದಿ ಬರುತ್ತಿತ್ತು. ಮೂರು ತಾಲೂಕಿನಲ್ಲಿ ಅವರು ಎಲ್ಲೇ ಇರಲಿ, ನನಗೆ ಗೊತ್ತಿರುತ್ತಿತ್ತು.

ನಮ್ಮನೆಯವರಿಗೆ ಇದು ನಾಚಿಕೆ. "ಪಂಪು ಮುಟ್ಟೂಕೆ ಮೊದ್ಲು ನನ್ನನ್ನೇ ರಿಪೇರಿ ಮಾಡ್ತ್ರು, ಮಾರಾಯ್ತಿ. ಎಲ್ಲರ ಮನೆಲೂ ನನ್ನ ಸಕ್ಕರೆ ಸುದ್ದಿಯೇ" ಎನ್ನುತ್ತಿದ್ದರು. ಆದರೂ ಹೊಳನಗದ್ದೆಗೆ ಹೋದರೆ ಕೆಲಸ ಯಾರ ಮನೆಯದೇ ಆಗಲಿ, ಫೋನಿನಮ್ಮನ ಜಗುಲಿಗೆ ಹೋಗದೆ ಬರುತ್ತಿರಲಿಲ್ಲ.

ಕಂಪ್ಯೂಟರ್ ಮೊದಲು ಬಂದದ್ದು ಭಟ್ಕಳದ ಅಂಗಡಿಗೆ. ದೊಡ್ಡ ದೊಡ್ಡ ಕಂಪನಿಗಳು ಕುಮಟೆಯಲ್ಲಿ ಶೋರೂಂ ಹಾಕುತ್ತವೆ ಎಂಬ ಸುದ್ದಿ ಹಬ್ಬಿ ಸಾವಕಾರರಿಗೂ ಚಿಂತೆ ಹತ್ತಿತ್ತು. ಇದ್ದ ಗಿರಾಕಿ ಕೈ ತಪ್ಪಬಾರದು, ಅದಕ್ಕೊಂದು ಸಾಫ್ಟ್‌ವೇರ್ ಇದೆ, ಸಿ.ಆರ್.ಎಂ. ಅಂತ, ಗ್ರಾಹಕರ ಜೊತೆ ಸಂಬಂಧ ನೋಡಿಕೊಳ್ಳುವುದು ಎಂದು ಅದನ್ನು ಮಾರುವ ಹುಬ್ಬಳ್ಳಿಯ ಒಬ್ಬರು ಹೇಳಿದ್ದರಂತೆ. ಯಾರಿಗೆ ಯಾವಾಗ ಏನು ಮಾರಿದ್ದೇವೆ, ಯಾವಾಗ ಸರ್ವಿಸ್ ಆಗಬೇಕು, ಹೋಗಿ ಬಂದ ಮೇಲೆ ಅವರಿಗೆ ಸಮಾಧಾನವೋ ಇಲ್ಲವೋ, ಎಲ್ಲವನ್ನೂ ಅದೇ ನೆನಪಿಟ್ಟು ಅದೇ ಹೇಳುತ್ತದೆ.

ಭಟ್ಕಳದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಅಲ್ಲಿನ ಅಂಗಡಿ ನೋಡಿಕೊಳ್ಳುತ್ತಿದ್ದವರು ಭಟ್ಕಳದ ಮುಸ್ಲಿಮರ ನವಾಯತಿ ಭಾಷೆ ಮನೆಮಾತಾದ ಹಿರಿಯರು. ನಾವು ಸಾಹೇಬರು ಎನ್ನುತ್ತಿದ್ದೆವು. ಅವರು ಫೋನು ಮಾಡುವ ಕೆಲಸಕ್ಕೆ ಆ ಭಾಷೆ ಬಲ್ಲ ಒಬ್ಬ ಹೆಂಗಸನ್ನೇ ಇಟ್ಟರು. ಗಂಡಸರೆಲ್ಲ ಗಲ್ಫಿನಲ್ಲಿ, ಮನೆಯಲ್ಲಿ ಫೋನೆತ್ತುವುದು ಹೆಂಗಸರು, ಗಂಡಸಿನ ಧ್ವನಿ ಕೇಳಿದರೆ ಇಟ್ಟುಬಿಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ನಮಾಜಿನ ಹೊತ್ತಿಗೆ ಮಾಡಬಾರದು, ಶುಕ್ರವಾರ ಮಾಡಲೇಬಾರದು, ಅವತ್ತು ರಜೆಯಾದ್ದರಿಂದ ದುಬೈಯಿಂದ ಗಂಡನ ಫೋನು ಬರುತ್ತದೆ, ನಾವು ಲೈನು ಹಿಡಿದು ಕೂತರೆ ಶಾಪ ಹಾಕುತ್ತಾರೆ ಎಂದು ಕಟ್ಟುನಿಟ್ಟು ಮಾಡಿದ್ದರು. ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗತೊಡಗಿ ಆ ಅಂಗಡಿಯ ವ್ಯಾಪಾರ ಏರಿತು. ಸಾವಕಾರರು ಖುಷಿಯಾಗಿ ಅದನ್ನು ಹಾಗೇ ಕುಮಟೆಗೂ ಹೊನ್ನಾವರಕ್ಕೂ ಹಾಕಿಸುವುದು ಎಂದು ತೀರ್ಮಾನಿಸಿದರು.

ಕುಮಟೆಯಲ್ಲಿ ಎಲ್ಲರನ್ನೂ ಕರೆಸಿ ಮೀಟಿಂಗ್ ಮಾಡಿದ್ದು ನೆನಪಿದೆ. ಸಂಬಂಧ, ಸಂಬಂಧ ಎಂದು ಹುಬ್ಬಳ್ಳಿಯವರು ಹತ್ತಾರು ಸಲ ಹೇಳಿದಾಗ ಹಿಂದೆ ಕೂತವರಲ್ಲಿ ಯಾರೋ, "ಹೆಣ್ಣು ನೋಡೂಕೂ ಇದೇ ಹೋಗ್ತದ್ಯಾ?" ಎಂದರು, ಎಲ್ಲರೂ ನಕ್ಕರು. ಸಾಹೇಬರೊಬ್ಬರು ನಗಲಿಲ್ಲ.

"ಸಾವಕಾರ್ರೇ, ನಮ್ಮಲ್ಲಿ ನಡೀತು ಅಂದ್ರೆ ಇಲ್ಲೂ ನಡೀಬೇಕು ಅಂತಿಲ್ಲ" ಎಂದರು. "ಗಲ್ಫಿನಿಂದ ಮಾತಾಡ್ಬೇಕಲ್ಲ, ನಮ್ಮಲ್ಲಿ ಮನೆಗೊಂದು ಫೋನು. ನಿಮ್ಮ ಹಳ್ಳೀಲಿ ಹಾಗಿದೆಯಾ, ಸ್ವಲ್ಪ ನೋಡಿ."

"ಮಷಿನಿಗೆ ಭಟ್ಕಳವೂ ಒಂದೇ, ಕುಮಟೆಯೂ ಒಂದೇ, ಸಾಹೇಬ್ರೇ" ಎಂದರು ಸಾವಕಾರರು.

ನನಗೆ ಆಗಲೇ ಒಂಥರಾ ಆಯಿತು.

ಹೊನ್ನಾವರಕ್ಕೆ ಮಷಿನು ಬಂದ ಮೇಲೆ, ಗಿರಾಕಿಗಳ ಹೆಸರನ್ನೆಲ್ಲ ಅದಕ್ಕೆ ಹಾಕಲು ಹುಬ್ಬಳ್ಳಿಯವರು ನನ್ನ ಪಕ್ಕ ಕೂತರು. ಮೃದು ಸ್ವಭಾವದ ಮನುಷ್ಯ, ನನಗೆ ಕೀಲಿಮಣೆ ಕಲಿಸಿದ್ದೂ ಅವರೇ. ಹೆಸರು, ಊರು, ಕೊಂಡ ಸಾಮಾನು, ಫೋನ್ ನಂಬರು. ನಂಬರಿನ ಜಾಗ ಖಾಲಿ ಬಿಟ್ಟರೆ ಮಷಿನು ಮುಂದೆ ಹೋಗುತ್ತಿರಲಿಲ್ಲ. ಪಿ.ಪಿ. ಎಂದು ಸೇರಿಸಿದರೆ ಅದೂ ಹೋಗುತ್ತಿರಲಿಲ್ಲ, ಅಂಕಿ ಮಾತ್ರ ಬೇಕು.

"ಸರ್, ಇದು ಅವರ ಫೋನಲ್ಲ. ಪಕ್ಕದ ಮನೆಯದು."

"ಸಿಗ್ತಾರಲ್ಲ ಆ ನಂಬರಿಗೆ?"

"ಕರೆದ್ರೆ ಸಿಗ್ತಾರೆ."

"ಹಂಗಂದ್ರ ಸಾಕು, ಹಾಕ್ರಿ."

ಹಾಕಿದೆ. ಕೆಲವು ದಿನಗಳ ಮೇಲೆ ಕುಮಟೆಯಲ್ಲಿ ಒಂದು ಕೆಲಸ ನಡೆಯಿತು. ಅದಕ್ಕೆ ಶುದ್ಧ ಮಾಡುವುದು ಎಂದು ಹೆಸರು. ಒಬ್ಬನೇ ಗಿರಾಕಿ ಎರಡೆರಡು ಕಡೆ ಬಂದಿದ್ದರೆ ಒಂದು ಮಾಡಬೇಕು. ಒಂದೇ ನಂಬರು ಇದ್ದವರೆಲ್ಲ ಒಂದೇ ಮನೆಯವರು ಎಂದು ಮಷಿನು ತಾನೇ ತಿಳಿದುಕೊಂಡಿತು. ಭಟ್ಕಳದಲ್ಲಿ ಅದು ಸರಿಯಾಗಿಯೇ ಇತ್ತು. ಅಣ್ಣನ ಹೆಸರಲ್ಲಿ ಫ್ರಿಜ್ಜು, ತಮ್ಮನ ಹೆಸರಲ್ಲಿ ಗ್ರೈಂಡರ್, ಮನೆ ಒಂದೇ. ಆದರೆ ನಮ್ಮ ಕಡೆ, ಹೊಳನಗದ್ದೆಯ ಏಳು ಮನೆ ಫೋನಿನಮ್ಮನ ಒಂದೇ ಮನೆಯಾಗಿಬಿಟ್ಟಿತು.

ಅದು ನನಗೆ ತಿಳಿದದ್ದು ಅವರ ಫೋನಿನಿಂದಲೇ.

"ತಂಗೀ, ಕುಮಟೆಯಿಂದ ಒಂದು ಕೂಸು ಫೋನ್ ಮಾಡಿತ್ತು. ನಿಮ್ಮನೆ ಏಳು ಮಿಕ್ಸರ್ ಚಲೋ ನಡೀತಾ ಇದ್ದಾ ಕೇಳ್ತು. ಏಳು ಮಿಕ್ಸರ್ ಇಟ್ಗಂಡು ಆನು ಎಂತ ಮಾಡವು? ಒಬ್ಬಳಿಗೆ ಚಟ್ನಿ ರುಬ್ಬಲೆ ಏಳು ಮಿಕ್ಸರಾ?"

ಕೂಸು ಎಂದರೆ ಅವರ ಮಾತಿನಲ್ಲಿ ಹುಡುಗಿ, ಆನು ಎಂದರೆ ನಾನು. ಇಬ್ಬರೂ ನಕ್ಕೆವು. ಮೊದಲ ಸಲ ನಗು ಬರುತ್ತದೆ. ಆಮೇಲೆ ವಾರಕ್ಕೆ ಎಷ್ಟು ಸಲ ಬಂತೋ. ಕುಮಟೆಯಲ್ಲಿ ಫೋನಿಗೆ ಕೂರಿಸಿದ್ದ ಹುಡುಗಿಗೆ ದಿನಕ್ಕೆ ಇಷ್ಟು ಜನರ ಹತ್ತಿರ ಮಾತಾಡಲೇಬೇಕು ಎಂಬ ನಿಯಮ. ಪಂಪು ರಿಪೇರಿ ಆದ ಮೇಲೆ ಐದಕ್ಕೆ ಎಷ್ಟು ಮಾರ್ಕು ಕೊಡುತ್ತೀರಿ ಎಂದು ಕೇಳಬೇಕು. ಪಂಪಿನವರು ಗದ್ದೆಯಾಚೆ ಇರುತ್ತಾರೆ. ಫೋನಿನಮ್ಮ ಅಲ್ಲಿಗೆ ಹೋಗಿ ಕರೆತಂದರೆ, ಮಾರ್ಕಿಗಾಗಿ ಕೆಲಸ ಬಿಟ್ಟು ಬಂದೆನೇ ಎಂದು ಅವರು ಗೊಣಗುತ್ತಾರೆ. ಕರೆಯದಿದ್ದರೆ ಮಾರನೆಯ ದಿನ ಮತ್ತೆ ಹೊಡೆದುಕೊಳ್ಳುತ್ತದೆ. ಮಗಳ ಹೆರಿಗೆಯ ಸುದ್ದಿ ಹೇಳಲು, ಮುಂಬೈಯಿಂದ ಮಗ ಬರುವ ಸುದ್ದಿ ಹೇಳಲು ಓಡಿದರೆ ಅದು ಉಪಕಾರ. ಮಾರ್ಕು ಕೇಳಲು ಓಡಿದರೆ ಅದೇನು? ಆ ವಯಸ್ಸಿನಲ್ಲಿ ಅವರಿಗೆ ಮಂಡಿನೋವು ಬೇರೆ.

ಶಿರಾಲಿಯ ಕಿರಾಣಿಯವರು ನೇರ ಹೇಳಿಬಿಟ್ಟರು. "ತಂಗೀ, ನಿಮ್ಮ ಕಂಪನಿ ಫೋನು ಬಂದ್ರೆ ರಾಂಗ್ ನಂಬರ್ ಅಂತೇ ಹೇಳೂದು ನಾನು. ಬೇಜಾರು ಮಾಡ್ಕಬೇಡಿ." ಅವರ ಫೋನು ಬರುವುದೂ ನಿಂತಿತು. ಮಾಡಬಾರದೆಂದು ಅಲ್ಲ. ನಮ್ಮ ಅಂಗಡಿಯ ಹೆಸರು ಕೇಳಿದರೇ ತಲೆ ಬಿಸಿಯಾಗುವಂತೆ ಆಗಿತ್ತು.

ಇನ್ನೊಂದು ತೊಂದರೆ ನಮ್ಮನೆಯವರಿಗೇ ಆಯಿತು. ಪಂಪಿನ ದೂರುಗಳನ್ನೂ ಈಗ ಕುಮಟೆಯಲ್ಲೇ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ನಮ್ಮ ಮಷಿನು ಫೋನ್ ಲೈನಿನಲ್ಲಿ ಕುಮಟೆಯನ್ನು ಹಿಡಿದು, ಅವತ್ತು ಎಲ್ಲೆಲ್ಲಿ ಹೋಗಬೇಕು ಎಂದು ಚೀಟಿ ಉಗುಳುತ್ತಿತ್ತು. ಒಂದು ನಂಬರು ಎಂದರೆ ಒಂದು ಮನೆ, ಒಂದು ಭೇಟಿ. ಆ ಲೆಕ್ಕದಲ್ಲಿ ದಿನ ತುಂಬಿಸುತ್ತಿದ್ದರು. ಹೋಗಿ ನೋಡಿದರೆ ಆ ಒಂದು ಮನೆಯೊಳಗೆ ನಾಲ್ಕು ಬಾವಿ, ನಾಲ್ಕು ಪಂಪು, ನಡುವೆ ಗದ್ದೆ. ಒಂದು ಮುಗಿಸಿ ಬದುವಿನ ಮೇಲೆ ಓಡಿ ಇನ್ನೊಂದಕ್ಕೆ. ಮುಗಿಯದೆ ಉಳಿದರೆ ಪರದೆಯ ಮೇಲೆ ಕೆಂಪು ಬರುತ್ತಿತ್ತು, ಕೆಂಪು ಬಂದರೆ ಸಾವಕಾರರ ಫೋನು. ಹಿಂದೆ ಎಂದೂ ಹಾಗೆ ಕೇಳಿದವರಲ್ಲ ಅವರು.

ಸಂಜೆ ಇವರು ಬಂದಾಗ ಮೊದಲು ನಾನು ಚೀಲದ ಹೊರಜೇಬು ನೋಡುತ್ತಿದ್ದೆ. ಬಾಳೆಹಣ್ಣು ಒಂದೊಂದು ದಿನ ಕಪ್ಪಾಗಿ ಅಲ್ಲೇ ಇರುತ್ತಿತ್ತು.

"ಎಂತಕೆ ತಿನ್ನಲಿಲ್ಲ?"

"ಹೊತ್ತೇ ಆಗಲಿಲ್ಲ ಮಾರಾಯ್ತಿ. ಗ್ರೀಸು ಕೈಲಿ ಎಂತ ತಿನ್ನೂದು?"

"ಫೋನಿನಮ್ಮನ ಮನೆಗೆ ಹೋಗಿ ತಿನ್ನಬಹುದಿತ್ತಲ್ಲ."

ಅವರು ಕಪ್ಪಾದ ಬಾಳೆಹಣ್ಣನ್ನು ತೆಗೆದು ಹೊರಗೆ ಎಸೆದರು. ಆಮೇಲೆ, "ಆ ಅಮ್ಮನ ಮುಖ ನೋಡೂಕೆ ನಾಚಿಕೆ ಆಗ್ತದೆ. ಅವತ್ತು ಹೋದಾಗ ಅವಲಕ್ಕಿ ಕೊಡ್ತಾ ಕೊಡ್ತಾ, ಇದಕ್ಕೆಷ್ಟು ಮಾರ್ಕು ಕೊಡ್ತೆ ಅಂತ ಕೇಳಿದ್ರು. ನಗಾಡಿಯೇ ಕೇಳಿದ್ದು. ಆದ್ರೂ" ಎಂದರು.

ಇದನ್ನೆಲ್ಲ ನಾನು ಸಾವಕಾರರಿಗೆ ಹೇಳಿದೆ. ಅವರು ಹೊನ್ನಾವರಕ್ಕೆ ಬಂದ ದಿನ, ಚಹಾ ತರಿಸಿ, ಎದುರು ನಿಂತು ಹೇಳಿದೆ. ಒಂದು ನಂಬರು ಎಂದರೆ ಒಂದು ಮನೆ ಅಲ್ಲ, ಜನ ಬೇಜಾರಾಗಿದ್ದಾರೆ, ಇವರಿಗೆ ಹೊತ್ತಿಗೆ ತಿನ್ನಲು ಆಗುತ್ತಿಲ್ಲ, ಸಕ್ಕರೆ ಇದೆ.

"ಸಕ್ಕರೆ ಯಾರಿಗಿಲ್ಲ? ನಂಗೂ ಇದೆ" ಎಂದರು. ಗದರಿ ಹೇಳಿದ್ದಲ್ಲ, ಸಮಾಧಾನ ಮಾಡುವಂತೆ ಹೇಳಿದ್ದು. "ಹೊಸತರಲ್ಲಿ ಹೀಗೇ. ಭಟ್ಕಳದಲ್ಲೂ ಮೊದಲು ಗಲಾಟೆ ಇತ್ತು. ಮಳೆಗಾಲದ ಒಳಗೆ ಎಲ್ಲ ಸರಿ ಆಗ್ತದೆ. ಹುಬ್ಬಳ್ಳಿಯವರ ಹತ್ರ ಮಾತಾಡಿದ್ದೇನೆ, ಇನ್ನೊಂದು ಕಾಲಂ ಹಾಕಿ ಕೊಡ್ತಾರೆ."

ಹುಬ್ಬಳ್ಳಿಯವರಿಗೂ ಫೋನು ಮಾಡಿದೆ. ನೀವು ಹೇಳೂದು ಖರೆ ಐತ್ರಿ, ಮುಂದಿನ ಸಲ ಬದಲಾಯಿಸುವಾಗ ಸೇರಿಸ್ತೀವಿ ಎಂದರು. ಆ ಮುಂದಿನ ಸಲ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ.

ನನಗೆ ನಿದ್ದೆ ಕಡಿಮೆಯಾಯಿತು. ಹಗಲು ಫೋನು ಹೊಡೆದುಕೊಂಡರೆ ಎದೆ ಹೊಡೆದುಕೊಳ್ಳುತ್ತಿತ್ತು, ಹೊಡೆದುಕೊಳ್ಳದಿದ್ದರೆ ಇನ್ನೂ ಹೆಚ್ಚು. ಮೊದಲು ಅವರು ಎಲ್ಲಿದ್ದಾರೆಂದು ಹೇಳಲು ಊರಿಗೊಬ್ಬರು ಇದ್ದರು. ಈಗ ನನ್ನ ಎದುರಿಗೇ ಪರದೆ. ಅದರಲ್ಲಿ ಅವರ ಹೆಸರು, ಅದರ ಮುಂದೆ ಊರು, ಅದರ ಮುಂದೆ ಬಾಕಿ ಅಥವಾ ಮುಗಿದಿದೆ. ತಿಂದರಾ ಎಂದು ಅದಕ್ಕೆ ಹೇಳಲು ಬರುವುದಿಲ್ಲ.

ಅದು ಮಾರ್ಚಿ ತಿಂಗಳು. ಗದ್ದೆಯಲ್ಲಿ ನೀರುಳ್ಳಿ, ತರಕಾರಿ ಬೆಳೆಯುವ ಕಾಲ, ಪಂಪುಗಳಿಗೆ ಬಿಡುವಿಲ್ಲ, ಇವರಿಗೂ ಇಲ್ಲ. ಸೆಕೆಯೆಂದರೆ ಸೆಕೆ. ಈ ಕಾಲದಲ್ಲಿ ನನಗೆ ಹೆದರಿಕೆ ಹೆಚ್ಚು, ಸೆಕೆಯ ಬೆವರು ಯಾವುದು, ಸಕ್ಕರೆ ಇಳಿದ ಬೆವರು ಯಾವುದು ಎಂದು ನೋಡುವವರಿಗೂ ತಿಳಿಯುವುದಿಲ್ಲ, ಅವರಿಗೇ ತಿಳಿಯುವುದಿಲ್ಲ. ಅವತ್ತಿನ ಚೀಟಿಯಲ್ಲಿ ಮೊದಲು ಹೊಳನಗದ್ದೆ, ಒಂದು ಭೇಟಿ. ಆಮೇಲೆ ಕುಮಟೆ ಪೇಟೆಯ ಕೆಲಸಗಳು. ನಾನು ಚೀಲಕ್ಕೆ ಬಾಳೆಹಣ್ಣು, ಸಕ್ಕರೆ ಹಾಕಿದೆ. "ಆತು, ಆತು" ಎಂದರು.

ಮಧ್ಯಾಹ್ನದ ತನಕ ಫೋನು ಬರಲಿಲ್ಲ. ನಾನೇ ಫೋನಿನಮ್ಮನಿಗೆ ಮಾಡಿದೆ. ಎಂಗೇಜ್. ಸ್ವಲ್ಪ ಬಿಟ್ಟು ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ. ಅಷ್ಟು ಹೊತ್ತು ಮಾತಾಡುವವರಲ್ಲ ಅವರು. ರಿಸೀವರ್ ತೆಗೆದು ಕೆಳಗಿಟ್ಟಿದ್ದಾರೆ ಎಂದು ಗೊತ್ತಾಯಿತು. ಕುಮಟೆಗೆ ಮಾಡಿದೆ.

"ಅಕ್ಕಾ, ಹೊಳನಗದ್ದೆ ಮುಗಿದಿದೆ ಅಂತ ಇದೆ" ಎಂದಳು ಆ ಹುಡುಗಿ. "ಅವರೇ ಫೋನ್ ಮಾಡಿ ಆತು ಅಂದ್ರು. ಈಗ ಪೇಟೆಗೆ ಬಂದಿರ್ತಾರೆ."

ನನಗೆ ಸ್ವಲ್ಪ ಉಸಿರು ಬಂತು. ಪೇಟೆಯಲ್ಲಾದರೆ ಹೋಟೆಲಿದೆ. ಎಲ್ಲಾದರೂ ಕೂತು ಉಣ್ಣುತ್ತಿರುತ್ತಾರೆ. ನಾನೂ ಡಬ್ಬಿ ಬಿಚ್ಚಿದೆ.

ಆದದ್ದು ಏನೆಂದರೆ, ರಸ್ತೆ ಬದಿಯ ಒಂದು ಮನೆಯ ಪಂಪು ಮುಗಿಸಿ, ನಿಯಮದಂತೆ ಅಲ್ಲಿನ ಅಂಗಡಿಯ ಕಾಯಿನ್ ಫೋನಿನಿಂದ ಅವರು ಕುಮಟೆಗೆ ತಿಳಿಸಿದ್ದರು. ಹುಡುಗಿ ಮಷಿನಿನಲ್ಲಿ ಮುಗಿದಿದೆ ಎಂದು ಒತ್ತಿದಳು. ಒಂದು ನಂಬರು ಒಂದು ಮನೆಯಾದ್ದರಿಂದ ಆ ಕೇರಿಯ ಎಲ್ಲ ಕೆಲಸವೂ ಒಟ್ಟಿಗೇ ಮುಗಿಯಿತು ಎಂದು ಬಂತು. ಅವರು ಮಾತ್ರ ಹೊಳನಗದ್ದೆಯಲ್ಲೇ ಇದ್ದರು. ಗದ್ದೆಯ ಬದುವಿನ ಮೇಲೆ ಮುಂದಿನ ಪಂಪಿಗೆ ಹೋಗುತ್ತಿದ್ದರು. ಅವರು ಅಲ್ಲಿದ್ದಾರೆಂದು ತಿಳಿದವರು ಯಾರೂ ಇರಲಿಲ್ಲ.

ಸಂಜೆಗೆ ಮೊದಲು ಸಾವಕಾರರ ಕಾರು ಅಂಗಡಿಯ ಎದುರು ನಿಂತಿತು. ಅವರು ಇಳಿಯಲಿಲ್ಲ. ಗಾಜಿನೊಳಗೆ ಅವರ ಮುಖ ಕಂಡಿತು, ಸ್ಟೇರಿಂಗಿನ ಮೇಲೆ ಕೈ ಇಟ್ಟು ಹಾಗೇ ಕೂತಿದ್ದರು. ನಾನು ಕೌಂಟರಿನಿಂದ ಹೊರಗೆ ಬಂದೆ. ಅವರು ಇಳಿಯುವುದಕ್ಕೆ ಮೊದಲೇ ನನಗೆ ಗೊತ್ತಾಗಿತ್ತು.

ಬದುವಿನ ಕೆಳಗೆ, ನೀರುಳ್ಳಿ ಪಾತಿಯ ಅಂಚಿನಲ್ಲಿ ಬಿದ್ದಿದ್ದರಂತೆ. ಹುಲ್ಲಿಗೆ ಬಂದ ಹೆಂಗಸರು ನೋಡಿದ್ದು. ಅವರು ಫೋನಿಗೆಂದು ಫೋನಿನಮ್ಮನ ಮನೆಗೆ ಓಡಿದ್ದಾರೆ, ರಿಸೀವರ್ ಕೆಳಗಿತ್ತು, ಇಟ್ಟು ಎತ್ತಿ ಮಾಡಿದ್ದಾರೆ. ರಿಕ್ಷಾ ಬಂದು ಕುಮಟೆಯ ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ. ಇನ್ನೂ ಮೊದಲು ತಂದಿದ್ದರೆ ಎಂದು ನಾನು ಕೇಳಿದೆ. ಡಾಕ್ಟರು ಹೇಳಲಾಗುವುದಿಲ್ಲ ಎಂದರು. ಬಹಳ ಹೊತ್ತು ಬಿದ್ದಿದ್ದಿರಬೇಕು ಎಂದೂ ಹೇಳಿದರು. ಚೀಲವನ್ನು ನನ್ನ ಕೈಗೆ ಕೊಟ್ಟರು. ಬಾಳೆಹಣ್ಣು ಇತ್ತು. ಸಕ್ಕರೆಯ ಕಾಗದ ಮಾತ್ರ ಬಿಚ್ಚಿತ್ತು, ಅರ್ಧ ಚೆಲ್ಲಿತ್ತು. ಅವರಿಗೆ ತಿಳಿದಿತ್ತು ಎಂದಾಯಿತು. ಬಾಯಿಗೆ ಹಾಕಿಕೊಳ್ಳಲು ನೋಡಿದ್ದಾರೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಫೋನಿನಮ್ಮ ಬಸ್ಸು ಹತ್ತಿ ನಮ್ಮನೆಗೆ ಬಂದರು. ಅಲ್ಲಿಯ ತನಕ ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಸಣ್ಣ ದೇಹ. ಧ್ವನಿ ಕೇಳಿ ದೊಡ್ಡವರು ಎಂದುಕೊಂಡಿದ್ದೆ. ಬಾಗಿಲಲ್ಲೇ ನಿಂತರು.

"ಬೆಳಿಗ್ಗಿಂದ ಫೋನು ಹೊಡ್ಕತ್ತಾ ಇತ್ತು. ಆ ಕುಮಟೆ ಕೂಸೇ ಅಂತ ತಿಳ್ಕಂಡು ತೆಗೆದು ಕೆಳಗಿಟ್ಟಿದ್ದೆ" ಎಂದರು.

"ನಿಮ್ಮದೆಂತದೂ ತಪ್ಪಿಲ್ಲ, ಅಮ್ಮಾ."

"ಅದಲ್ಲ. ಅವ ನಮ್ಮನೆಗೆ ಬರ್ಲೇ ಇಲ್ಲೆ. ನಮ್ಮನೆ ಮುಂದೇ ಹೋದ್ದು ಹೇಳಿ ಮೂಲೆಮನೆಯವರು ಹೇಳ್ತ. ಆನು ಜಗುಲಿ ಮೇಲೆ ಇರ್ಲಿಲ್ಲೆ, ಒಳಗಿದ್ದಿದ್ದೆ ಕಾಣ್ತು. ಎಂತಕ್ಕೆ ಬರ್ಲಿಲ್ಲೆ ಅವ? ಆನು ಮಾರ್ಕಿನ ಮಾತು ಹೇಳಿದ್ದಕ್ಕಾ?"

ಅದಕ್ಕಲ್ಲ ಎಂದೆ. ಹೊತ್ತಾಗಿತ್ತು, ಕೆಲಸ ಬಹಳ ಇತ್ತು ಎಂದೆ. ಅವರು ನಂಬಿದರೋ ಇಲ್ಲವೋ. ಚಹಾ ಮಾಡಿದೆ, ಸಕ್ಕರೆ ಹಾಕಿದೆ. ಇಬ್ಬರೂ ಕುಡಿದೆವು.

ಆ ಮಳೆಗಾಲ ಮುಗಿಯುವ ಮೊದಲೇ ಹೊನ್ನಾವರ, ಕುಮಟೆ ಎರಡೂ ಕಡೆ ಆ ಯೋಜನೆ ನಿಂತಿತು. ಬೇಡ ಎಂದು ಯಾರೂ ಹೇಳಲಿಲ್ಲ. ಹುಡುಗಿ ಕೆಲಸ ಬಿಟ್ಟಳು, ಇನ್ನೊಬ್ಬಳನ್ನು ತೆಗೆದುಕೊಳ್ಳಲಿಲ್ಲ. ಕೆಂಪು ಬಂದದ್ದು ಕೆಂಪಾಗಿಯೇ ಉಳಿದು, ಎಲ್ಲರೂ ನೋಡುವುದನ್ನು ಬಿಟ್ಟರು. ಮಷಿನಿನ ಮೇಲೆ ಬಟ್ಟೆ ಹೊದಿಸಿದೆವು. ಭಟ್ಕಳದಲ್ಲಿ ಮಾತ್ರ ನಡೆಯುತ್ತಲೇ ಇತ್ತು, ಚೆನ್ನಾಗಿಯೇ.

ಸಾವಕಾರರು ಒಂದು ದಿನ ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು ಕೇಳಿದರು. "ಅದೇ ಮಷಿನು, ಅದೇ ದುಡ್ಡು, ಅದೇ ಹುಬ್ಬಳ್ಳಿ ಮನುಷ್ಯ. ಅಲ್ಲಿ ಆತು, ಇಲ್ಲಿ ಎಂತಕೆ ಆಗಲಿಲ್ಲ?"

ಅವರು ನನ್ನನ್ನು ಕೇಳಿದ್ದು ಅಂಗಡಿಯ ವಿಷಯ ಮಾತ್ರ ಅಲ್ಲ ಎಂದು ನನಗೆ ತಿಳಿಯಿತು. ಅವರ ಕಣ್ಣು ಕೆಳಗೇ ಇತ್ತು.

ನಾನು ಹೇಳಿದ್ದು ಇಷ್ಟು. ಭಟ್ಕಳದಲ್ಲಿ ಯಾರು ಯಾರಿಗೆ, ಯಾವ ಹೊತ್ತಿಗೆ, ಯಾವ ಮಾತಿನಲ್ಲಿ ಫೋನು ಮಾಡಬೇಕು ಎಂದು ಸಾಹೇಬರು ಮೊದಲೇ ಯೋಚಿಸಿದ್ದರು, ಮಷಿನನ್ನು ಅದಕ್ಕೆ ಹೊಂದಿಸಿದರು. ಇಲ್ಲಿ ನಾವು ಜನರನ್ನು ಮಷಿನಿಗೆ ಹೊಂದಿಸಲು ಹೋದೆವು. ಇಲ್ಲಿ ನಮಗೂ ಗಿರಾಕಿಗೂ ನಡುವೆ ಇನ್ನೊಂದು ಮನೆ ಇತ್ತು. ಆ ಮನೆಯವರು ನಮ್ಮ ಗಿರಾಕಿಯಲ್ಲ, ನಮ್ಮ ಸಂಬಳ ತಿನ್ನುವವರಲ್ಲ, ಆದರೂ ನಮಗಾಗಿ ಓಡುತ್ತಿದ್ದರು. ಅವರ ಜಾಗ ಆ ಪರದೆಯಲ್ಲಿ ಇರಲಿಲ್ಲ. ಅವರು ಬೇಸತ್ತರು. ಅವರು ಬೇಸತ್ತ ಮೇಲೆ ಯಾರ ಸುದ್ದಿಯೂ ಯಾರಿಗೂ ಮುಟ್ಟಲಿಲ್ಲ.

ಸಾವಕಾರರು "ಹೌದು" ಎಂದರು. ಎದ್ದರು. ನನ್ನ ಕೆಲಸ ಇದ್ದ ಹಾಗೇ ಇರುತ್ತದೆ ಎಂದು ಬಾಗಿಲಲ್ಲಿ ಹೇಳಿದರು. ನಾನು ಅವರನ್ನು ದೂರುವುದಿಲ್ಲ. ದೂರಿದರೆ ಎದೆ ಹಗುರವಾಗುತ್ತದೆಯೇ ಎಂದು ಕೆಲವು ಸಲ ಮನಸ್ಸಿನಲ್ಲೇ ದೂರಿ ನೋಡಿದ್ದೇನೆ, ಆಗುವುದಿಲ್ಲ.

ಕೆಲವು ವರ್ಷಗಳ ಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಪಿ.ಪಿ. ನಂಬರು ಎಂದರೆ ಏನೆಂದು ಹೊಸಬರಿಗೆ ಹೇಳಬೇಕಾಯಿತು. ಸಾವಕಾರರು ಮತ್ತೆ ಅಂಥದ್ದೇ ಸಾಫ್ಟ್‌ವೇರ್ ತರಿಸಿದರು. ಈ ಸಲ ತರುವ ಮೊದಲು, ಅದರವರನ್ನು ಕರೆದುಕೊಂಡು ಬಂದು ನನ್ನ ಪಕ್ಕ ಕೂರಿಸಿದರು. ಮನೆಯಲ್ಲಿ ಯಾರ ಹತ್ತಿರ ಮಾತಾಡಬೇಕು, ಯಾವ ಹೊತ್ತಿಗೆ ಮಾಡಬಾರದು ಎಂದು ಬರೆಯಲು ಜಾಗ ಕೇಳಿದೆ, ಕೊಟ್ಟರು. ಎರಡು ಮನೆಯನ್ನು ಒಂದು ಮಾಡುವ ಮೊದಲು ಒಬ್ಬ ಮನುಷ್ಯನನ್ನು ಕೇಳಬೇಕು ಎಂದೆ, ಅದನ್ನೂ ಮಾಡಿದರು. ಮಾರ್ಕು ಕೇಳುವುದು ಬೇಡ ಎಂದೆ. ಅದು ಮಾತ್ರ ಮೇಲಿನಿಂದ ಬಂದದ್ದು, ತೆಗೆಯಲಾಗುವುದಿಲ್ಲ ಎಂದರು. ಈಗಿನ ಮೆಕ್ಯಾನಿಕ್ ಎಲ್ಲಿದ್ದಾನೆ ಎಂದು ಬೇಕಾದರೆ ಅವನಿಗೇ ಫೋನು ಮಾಡಿ ಕೇಳಬಹುದು. ಮಧ್ಯಾಹ್ನ ಆದ ಕೂಡಲೇ ನಾನು ಮಾಡುತ್ತೇನೆ. "ಅಕ್ಕಾ, ಉಂಡೆ ಅಕ್ಕಾ, ದಿನಾ ಎಂತ ಕೇಳ್ತ್ರಿ?" ಎನ್ನುತ್ತಾನೆ. ಅವನಿಗೆ ಯಾವ ಕಾಯಿಲೆಯೂ ಇಲ್ಲ.

ಫೋನಿನಮ್ಮ ಈಗ ಇಲ್ಲ. ಅವರು ಇರುವಾಗ ಒಮ್ಮೆ ನಾನು ಹೊಳನಗದ್ದೆಗೆ ಹೋಗಿದ್ದೆ. ರಸ್ತೆ ಬದಿಯ ಮನೆ ನೋಡಿದೆ, ಕಾಯಿನ್ ಫೋನಿದ್ದ ಅಂಗಡಿ ನೋಡಿದೆ, ಆ ಜಗುಲಿಯ ಮೇಲೆ ಕೂತು ಅವಲಕ್ಕಿ ತಿಂದೆ. ಬದುವಿನ ತನಕ ಅವರೇ ಮಂಡಿ ಹಿಡಿದುಕೊಂಡು ಬಂದು ತೋರಿಸಿದರು. ಕೇರಿಯ ಒಂದೊಂದು ಮನೆಯಲ್ಲೂ ಕೇಳಿದೆ. ಮೂಲೆಮನೆಯವರು, ಈ ಕಡೆಯಿಂದ ಹೋದದ್ದು ನೋಡಿದ್ದೇವೆ ಎಂದರು. ಅದರ ಮುಂದೆ ನೋಡಿದವರು ಯಾರೂ ಇಲ್ಲ.

ಮದುವೆಯಾದ ಮೇಲೆ ಅಷ್ಟು ವರ್ಷ, ಅವರು ಯಾವ ಹೊತ್ತಿಗೆ ಎಲ್ಲಿದ್ದರು ಎಂದು ನನಗೆ ಯಾರಾದರೂ ಹೇಳಿದ್ದಾರೆ. ಮೂಲೆಮನೆಯಿಂದ ಆ ನೀರುಳ್ಳಿ ಪಾತಿಯ ತನಕದ ಸುದ್ದಿ ಮಾತ್ರ ಇನ್ನೂ ಬಂದಿಲ್ಲ.